ಚೀಟಿ ಇಲ್ಲದೆ ಸಿಗುವ ನಿದ್ದೆ ಮಾತ್ರೆ: ತೆಗೆದುಕೊಳ್ಳುವ ಮುಂಚೆ ಪರೀಕ್ಷಿಸುವುದು ಹೇಗೆ?

ಮಗ್ಗಲು ಬದಲಿಸುತ್ತಾ ಮಲಗಿದವರಿಗೆ ರಾತ್ರಿ ಎರಡು ಗಂಟೆಗೆ ಯಾವ ಜಾಹೀರಾತಾದರೂ ನಿಜ ಅನ್ನಿಸುತ್ತದೆ. 'ನೈಸರ್ಗಿಕ', 'ಅಭ್ಯಾಸವಾಗುವುದಿಲ್ಲ', 'ಗಾಢ ನಿದ್ದೆ ಖಚಿತ' ಎಂಬ ಮಾತುಗಳನ್ನು ಓದಿ, ಬೆಳಗಾಗುವುದರೊಳಗೆ ಆರ್ಡರ್ ಮಾಡಿಯೂ ಆಗಿರುತ್ತದೆ. ಆದ್ದರಿಂದ ಈ ಲೆಕ್ಕಾಚಾರವನ್ನು ಹಗಲು ಹೊತ್ತಿನಲ್ಲಿ ಮಾಡಿ.

'ಈ ಮಾತ್ರೆ ಒಳ್ಳೆಯದಾ?' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆ ಹೀಗಿರಬೇಕು: ನನಗಿರುವ ತೊಂದರೆಗೆ, ನಾನು ಈಗಾಗಲೇ ನುಂಗುತ್ತಿರುವ ಔಷಧಿಗಳ ಜೊತೆ, ಇಷ್ಟು ಪ್ರಮಾಣದಲ್ಲಿ, ಇಷ್ಟು ದಿನ ಇದನ್ನು ತೆಗೆದುಕೊಂಡರೆ ಎಷ್ಟು ಲಾಭ, ಎಷ್ಟು ಅಪಾಯ? ಇದಕ್ಕೆ ಉತ್ತರ ಹುಡುಕಲು ವೈದ್ಯಕೀಯ ಓದಿರಬೇಕಾಗಿಲ್ಲ. ಸ್ವಲ್ಪ ತಾಳ್ಮೆ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಹಂತ 1: ನಿಮ್ಮದು ಯಾವ ಬಗೆಯ ನಿದ್ರಾಹೀನತೆ?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಮಲಗಿದ ಮೇಲೆ ಗಂಟೆಗಟ್ಟಲೆ ನಿದ್ದೆ ಹತ್ತದಿರುವುದು ಒಂದು ತೊಂದರೆ. ಬೇಗ ನಿದ್ದೆ ಹತ್ತಿ, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಬಿಟ್ಟು ಕೂರುವುದು ಇನ್ನೊಂದು. ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳಲು ಬಿಟ್ಟರೆ ಸೊಗಸಾಗಿ ನಿದ್ದೆ ಮಾಡುವವರೂ ಇದ್ದಾರೆ. ಅವರಿಗೆ ನಿದ್ದೆ ಬರುತ್ತದೆ, ದೇಹದ ಗಡಿಯಾರ ತಡವಾಗಿ ಓಡುತ್ತಿದೆ ಅಷ್ಟೇ. ಈ ನಾಲ್ವರಿಗೂ ಒಂದೇ ಮಾತ್ರೆ ಹೊಂದುವುದು ಹೇಗೆ?

ಕೆಲವು ಲಕ್ಷಣಗಳಿದ್ದರೆ ಮಾತ್ರೆಯ ಯೋಚನೆ ಅಲ್ಲಿಗೇ ಬಿಟ್ಟು ವೈದ್ಯರನ್ನು ಕಾಣಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಗಕ್ಕನೆ ಏಳುವುದು, ಎಷ್ಟು ಮಲಗಿದರೂ ಹಗಲಿಡೀ ತೂಕಡಿಕೆ: ಇದು ಸ್ಲೀಪ್ ಆಪ್ನಿಯಾ ಆಗಿರಬಹುದು. ಉಸಿರುದಾರಿ ಮುಚ್ಚಿಕೊಳ್ಳುತ್ತಿರುವಾಗ ಮಂಪರು ತರಿಸುವ ವಸ್ತು ನುಂಗುವುದು ಒಳ್ಳೆಯದಲ್ಲ. ಸಂಜೆಯಾಗುತ್ತಲೇ ಕಾಲು ಅಲ್ಲಾಡಿಸದೆ ಇರಲಾಗದಂಥ ಸೆಳೆತ ಇದ್ದರೆ ಅದು ರೆಸ್ಟ್‌ಲೆಸ್ ಲೆಗ್ಸ್ ಆಗಿರಬಹುದು. ಎಷ್ಟೋ ಸಲ ಅದರ ಹಿಂದೆ ಕಬ್ಬಿಣಾಂಶದ ಕೊರತೆ ಇರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಂಥವರು ಅಲರ್ಜಿ ಮದ್ದಿನ ಜಾತಿಯ ನಿದ್ದೆ ಮಾತ್ರೆ ತೆಗೆದುಕೊಂಡರೆ ಸೆಳೆತ ಇನ್ನೂ ಜಾಸ್ತಿಯಾಗುತ್ತದೆ! ಮನಸ್ಸು ತೀರಾ ಕುಗ್ಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಒಂದು ದಿನವೂ ತಡ ಮಾಡಬೇಡಿ.

ವಾರದಲ್ಲಿ ಮೂರು ರಾತ್ರಿಯಾದರೂ ತೊಂದರೆ, ಅದೂ ಮೂರು ತಿಂಗಳಿಂದ ಇದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಇದೆ, ಮುಂದೆ ಹೇಳುತ್ತೇನೆ.

ಈಗಾಗಲೇ ದೇಹದೊಳಕ್ಕೆ ಹೋಗುತ್ತಿರುವುದನ್ನೂ ಬರೆದುಕೊಳ್ಳಿ. ಕಾಫಿ, ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಸ್ಟೀರಾಯ್ಡ್ ಮಾತ್ರೆ, ಕಟ್ಟಿದ ಮೂಗಿಗೆ ನುಂಗುವ ಕೆಲವು ಶೀತದ ಮಾತ್ರೆಗಳು, ಪ್ರಮಾಣ ಹೆಚ್ಚಾದ ಥೈರಾಯ್ಡ್ ಮಾತ್ರೆ ನಿದ್ದೆ ಕೆಡಿಸುತ್ತವೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.

ಹಂತ 2: ಡಬ್ಬಿ ತಿರುಗಿಸಿ, ಹಿಂದೆ ಓದಿ

ಮುಂಭಾಗದಲ್ಲಿ ಚಂದ್ರ, ಮೋಡ, ನೀಲಿ ಬಣ್ಣ. ನಿಮಗೆ ಬೇಕಾದ್ದು ಹಿಂದಿನ ಸಣ್ಣ ಅಕ್ಷರಗಳಲ್ಲಿದೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಜಾತಿಯ ವಸ್ತುಗಳು ಕಾಣುತ್ತವೆ: ಮೆಲಟೋನಿನ್ ಎಂಬ ಹಾರ್ಮೋನ್, ಡೈಫೆನ್‌ಹೈಡ್ರಮೈನ್ ಅಥವಾ ಡಾಕ್ಸಿಲಮೈನ್ ಎಂಬ ಹಳೆಯ ಅಲರ್ಜಿ ಮದ್ದು, ವಲೇರಿಯನ್, ಅಶ್ವಗಂಧ, ಕ್ಯಾಮೊಮೈಲ್‌ನಂಥ ಗಿಡಮೂಲಿಕೆ, ಮೆಗ್ನೀಸಿಯಂ, ಟ್ರಿಪ್ಟೊಫಾನ್, ಗ್ಲೈಸಿನ್‌ನಂಥ ಖನಿಜ ಮತ್ತು ಅಮೈನೊ ಆಮ್ಲ.

ಇವುಗಳ ನಡುವೆ ದೊಡ್ಡ ವ್ಯತ್ಯಾಸ ಒಂದಿದೆ. ಅಲರ್ಜಿ ಮದ್ದನ್ನು ಔಷಧಿಯ ನಿಯಮಗಳ ಪ್ರಕಾರ ತಯಾರಿಸುತ್ತಾರೆ. ಪೂರಕ (ಸಪ್ಲಿಮೆಂಟ್) ಎಂದು ಮಾರುವ ವಸ್ತುಗಳಿಗೆ ಬಹಳ ಕಡೆ ಅಷ್ಟು ಕಟ್ಟುನಿಟ್ಟಿಲ್ಲ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಪೂರಕವನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಅದು ಕೆಲಸ ಮಾಡುತ್ತದೆ ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕಾಗಿಲ್ಲ. ಅಲ್ಲಿ ಪೂರಕವಾಗಿ ಮಾರುವ ಮೆಲಟೋನಿನ್ ಬ್ರಿಟನ್ನಿನಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ. 'ಚೀಟಿ ಇಲ್ಲದೆ ಕೊಡ್ತಾರೆ ಅಂದ್ರೆ ಅಪಾಯ ಇರಲಿಕ್ಕಿಲ್ಲ' ಎಂಬ ನಂಬಿಕೆ ಎಷ್ಟು ಸಡಿಲ ನೋಡಿ.

ಪಟ್ಟಿಯಲ್ಲಿ 'ಪ್ರೊಪ್ರೈಟರಿ ಬ್ಲೆಂಡ್' ಎಂದು ಬರೆದು, ಆರೇಳು ಹೆಸರುಗಳ ಮುಂದೆ ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ಆ ಡಬ್ಬಿಯನ್ನು ಕೆಳಗಿಡಿ. ಯಾವುದು ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಹಂತವನ್ನೂ ಮಾಡಲಾಗದು. ನನ್ನ ಅಭಿಪ್ರಾಯ ಕೇಳಿದರೆ, ಒಂದಕ್ಕಿಂತ ಹೆಚ್ಚು ವಸ್ತುಗಳಿರುವ ಯಾವ ನಿದ್ದೆ ಮಾತ್ರೆಯನ್ನೂ ಮೊದಲು ಮುಟ್ಟಬೇಡಿ. ಗುಣವಾದರೆ ಯಾವುದರಿಂದ, ತೊಂದರೆಯಾದರೆ ಯಾವುದರಿಂದ ಎಂದು ಗೊತ್ತೇ ಆಗುವುದಿಲ್ಲ.

ಮೆಗ್ನೀಸಿಯಂ ಡಬ್ಬಿಯಲ್ಲಿ ಇನ್ನೊಂದು ಗೊಂದಲ. '500 ಮಿ.ಗ್ರಾಂ. ಮೆಗ್ನೀಸಿಯಂ ಆಕ್ಸೈಡ್' ಎಂದಿದ್ದರೆ ಅದರಲ್ಲಿ ನಿಜವಾದ ಮೆಗ್ನೀಸಿಯಂ ಸುಮಾರು 300 ಮಿ.ಗ್ರಾಂ. '500 ಮಿ.ಗ್ರಾಂ. ಮೆಗ್ನೀಸಿಯಂ ಗ್ಲೈಸಿನೇಟ್' ಎಂದಿದ್ದರೆ ಸುಮಾರು 70 ಮಿ.ಗ್ರಾಂ. ಮಾತ್ರ. 'ಎಲಿಮೆಂಟಲ್' ಎಂಬ ಪದದ ಪಕ್ಕದ ಸಂಖ್ಯೆಯೇ ಲೆಕ್ಕಕ್ಕೆ ಬರುವುದು. ಎರಡು ಮಾತ್ರೆ ಸೇರಿ ಒಂದು ಡೋಸ್ ಎಂದು ಮೂಲೆಯಲ್ಲಿ ಬರೆದಿರುವುದೂ ಉಂಟು, ಅದನ್ನೂ ನೋಡಿ.

ಹಂತ 3: ಲಾಭವನ್ನು ನಿಮಿಷಗಳಲ್ಲಿ ಕೇಳಿ

'ಕೆಲಸ ಮಾಡುತ್ತದೆ ಎಂದು ಅಧ್ಯಯನ ಹೇಳಿದೆ' ಎಂಬ ಮಾತು ಸಾಲದು. ಎಷ್ಟು ನಿಮಿಷ ಬೇಗ ನಿದ್ದೆ ಹತ್ತಿತು? ಎಷ್ಟು ನಿಮಿಷ ಜಾಸ್ತಿ ನಿದ್ದೆ ಬಂತು? ಯಾವುದಕ್ಕೆ ಹೋಲಿಸಿ?

ಹೋಲಿಕೆ ಏಕೆ ಬೇಕು ಅಂದರೆ, ನಿದ್ದೆಯ ವಿಷಯದಲ್ಲಿ ಔಷಧವೇ ಇಲ್ಲದ ತೋರಿಕೆಯ ಮಾತ್ರೆ ನುಂಗಿದವರಿಗೂ ಸಾಕಷ್ಟು ಗುಣ ಕಾಣುತ್ತದೆ. ಜೊತೆಗೆ, ನಾವು ಮಾತ್ರೆ ಕೊಳ್ಳುವುದು ನಿದ್ದೆ ತೀರಾ ಕೆಟ್ಟ ವಾರದಲ್ಲಿ. ಅದರ ಮುಂದಿನ ವಾರ ತಾನಾಗಿಯೇ ಸ್ವಲ್ಪ ಸುಧಾರಿಸುವ ಸಾಧ್ಯತೆ ಹೆಚ್ಚು, ಅದರ ಹೆಸರು ಮಾತ್ರೆಗೆ ಹೋಗುತ್ತದೆ. ಆದ್ದರಿಂದ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ತೋರಿಕೆಯ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ಯಾರಿಗೂ ಹೇಳದೆ ಮಾಡಿದ ಅಧ್ಯಯನಕ್ಕೇ ಬೆಲೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ವರದಿಗಳು ಅಂತರ್ಜಾಲದಲ್ಲಿವೆ. ಸರಳ ಭಾಷೆಯ ಸಾರಾಂಶವೂ ಜೊತೆಗಿರುತ್ತದೆ.

ಮೆಲಟೋನಿನ್ ಅನ್ನೇ ತೆಗೆದುಕೊಳ್ಳಿ. 2013ರಲ್ಲಿ 19 ಅಧ್ಯಯನಗಳ, 1,683 ಜನರ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ತೋರಿಕೆಯ ಮಾತ್ರೆಗೆ ಹೋಲಿಸಿದರೆ ಸರಾಸರಿ ಸುಮಾರು 7 ನಿಮಿಷ ಬೇಗ ನಿದ್ದೆ ಹತ್ತಿತ್ತು, ಒಟ್ಟು ನಿದ್ದೆ ಸುಮಾರು 8 ನಿಮಿಷ ಹೆಚ್ಚಿತ್ತು. ಡಬ್ಬಿ ಮೇಲಿನ ಮಾತಿಗೂ ಈ ಏಳೆಂಟು ನಿಮಿಷಕ್ಕೂ ಎಷ್ಟು ದೂರ, ಅಲ್ವಾ? ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮೆಲಟೋನಿನ್, ವಲೇರಿಯನ್, ಟ್ರಿಪ್ಟೊಫಾನ್, ಡೈಫೆನ್‌ಹೈಡ್ರಮೈನ್ ಬಳಸದಿರುವುದೇ ಒಳಿತು ಎಂದಿತು. ಪುರಾವೆ ದುರ್ಬಲ, ಆದ್ದರಿಂದ ಈ ಸಲಹೆಯೂ ಅಷ್ಟು ಗಟ್ಟಿಯಲ್ಲ ಎಂದು ಅವರೇ ಬರೆದಿದ್ದಾರೆ.

ಹಾಗಂತ ಮೆಲಟೋನಿನ್ ಸುಮ್ನೆ ಅಲ್ಲ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಇದನ್ನು ಬಿಡುತ್ತದೆ. ಈಗ ರಾತ್ರಿ ಎಂದು ದೇಹಕ್ಕೆ ತಿಳಿಸುವುದು ಇದರ ಕೆಲಸ. ಆದ್ದರಿಂದ ಗಡಿಯಾರ ತಪ್ಪಿದವರಿಗೆ ಇದು ಹೆಚ್ಚು ಉಪಯೋಗ. ಐದು ಅಥವಾ ಹೆಚ್ಚು ಕಾಲವಲಯ ದಾಟಿ, ಅದರಲ್ಲೂ ಪೂರ್ವಕ್ಕೆ ಹಾರಿದವರ ಜೆಟ್ ಲ್ಯಾಗ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಾಕ್ರೇನ್ ವರದಿ ಹೇಳಿದೆ. ಅದಕ್ಕೆ 0.5ರಿಂದ 5 ಮಿ.ಗ್ರಾಂ. ಸಾಕು, 5ರ ಮೇಲೆ ಹೋದರೆ ಹೆಚ್ಚಿನ ಲಾಭವಿಲ್ಲ. ಹಾಗಿದ್ದರೂ 10 ಮಿ.ಗ್ರಾಂ. ಡಬ್ಬಿಗಳು ಧಾರಾಳವಾಗಿ ಮಾರಾಟವಾಗುತ್ತವೆ. ತೆಗೆದುಕೊಳ್ಳುವ ಹೊತ್ತು ಪ್ರಮಾಣದಷ್ಟೇ ಮುಖ್ಯ. ತಡವಾಗಿ ನಿದ್ದೆ ಬರುವವರು ಅದನ್ನು ದಿಂಬಿಗೆ ತಲೆಯಿಟ್ಟ ಮೇಲೆ ನುಂಗಿದರೆ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ಮಲಗುವ ಒಂದೆರಡು ಗಂಟೆ ಮುಂಚೆ ತೆಗೆದುಕೊಂಡು, ದೀಪ ಮಂದ ಮಾಡಬೇಕು. ಜೋರು ಬೆಳಕು ದೇಹದ ಸ್ವಂತ ಮೆಲಟೋನಿನ್ ಅನ್ನು ತಡೆದುಬಿಡುತ್ತದೆ. ನಡುರಾತ್ರಿ ಏಳುವವರಿಗೆ ಸಾಮಾನ್ಯ ಮೆಲಟೋನಿನ್‌ನಿಂದ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಒಂದು ಗಂಟೆಯೊಳಗೇ ಅದರ ಅರ್ಧ ಭಾಗ ರಕ್ತದಿಂದ ಹೋಗಿರುತ್ತದೆ.

ಅಲರ್ಜಿ ಮದ್ದಿನ ಮಾತ್ರೆಗಳು ಮೊದಲ ರಾತ್ರಿ ಮಂಪರು ತರಿಸುವುದು ನಿಜ. ಆದರೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಆರೋಗ್ಯವಂತ ಗಂಡಸರಿಗೆ ದಿನಕ್ಕೆ ಎರಡು ಬಾರಿ ಡೈಫೆನ್‌ಹೈಡ್ರಮೈನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ನಾಲ್ಕನೇ ದಿನಕ್ಕೆ ಅದಕ್ಕೂ ತೋರಿಕೆಯ ಮಾತ್ರೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಮಂಪರಿನ ಪರಿಣಾಮ ಹೋಗುತ್ತದೆ, ಬಾಯಿ ಒಣಗುವುದು, ಮಲಬದ್ಧತೆ, ಬೆಳಗಿನ ಜೋಂಪು ಉಳಿಯಬಹುದು. ಇದನ್ನು ತಿಂಗಳುಗಟ್ಟಲೆ ನುಂಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ವಲೇರಿಯನ್ ಬಗ್ಗೆ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ಮೆಗ್ನೀಸಿಯಂ ಕೊರತೆ ಇದ್ದವರಿಗೆ ಸಹಾಯವಾಗಬಹುದು, ಎಲ್ಲರಿಗೂ ನಿದ್ದೆ ತರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಅಶ್ವಗಂಧದಿಂದ ಸ್ವಲ್ಪ ಲಾಭ ಕಂಡ ಅಧ್ಯಯನಗಳಿವೆ. ಆದರೆ ಅವು ಚಿಕ್ಕವು, ಕೆಲವೇ ವಾರಗಳವು.

ಹಂತ 4: ಡಬ್ಬಿಯಲ್ಲಿ ಬರೆದದ್ದೇ ಒಳಗಿದೆಯಾ?

ಇಲ್ಲಿ ಸಿಗುವ ಅಂಕಿಗಳನ್ನು ನೋಡಿದರೆ ಗಾಬರಿಯಾಗುತ್ತದೆ. 2017ರಲ್ಲಿ ಕೆನಡಾದ ಸಂಶೋಧಕರು 31 ಮೆಲಟೋನಿನ್ ಪೂರಕಗಳನ್ನು ಪ್ರಯೋಗಾಲಯದಲ್ಲಿ ಅಳೆದರು. ಒಂದರಲ್ಲಿ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆ ಇತ್ತು, ಇನ್ನೊಂದರಲ್ಲಿ 478 ಶೇಕಡಾ ಹೆಚ್ಚಿತ್ತು. ಎಂಟರಲ್ಲಿ ಸಿರೊಟೋನಿನ್ ಎಂಬ, ಮಿದುಳಿನಲ್ಲಿ ಸಂದೇಶ ಸಾಗಿಸುವ, ಪಟ್ಟಿಯಲ್ಲೇ ಇಲ್ಲದ ವಸ್ತು ಸಿಕ್ಕಿತು. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ, ಏಕೆ ಎಂದು ಹಂತ 5ರಲ್ಲಿ ಹೇಳುತ್ತೇನೆ.

2023ರಲ್ಲಿ ಅಮೆರಿಕದಲ್ಲಿ ಜಗಿದು ತಿನ್ನುವ 25 ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ ಸರಿಯಿರಲಿಲ್ಲ. ಅಳತೆಗೆ ಸಿಕ್ಕಿದ ಪ್ರಮಾಣ ಬರೆದದ್ದರ 74ರಿಂದ 347 ಶೇಕಡಾವರೆಗೆ ಹರಡಿತ್ತು. ಒಂದರಲ್ಲಂತೂ ಮೆಲಟೋನಿನ್ ಕಾಣಲೇ ಇಲ್ಲ.

ಆದ್ದರಿಂದ ತಯಾರಿಸಿದವರಲ್ಲದ ಬೇರೆಯವರು ಪರೀಕ್ಷಿಸಿದ ಗುರುತು ಹುಡುಕಿ. ಯುಎಸ್‌ಪಿ, ಎನ್‌ಎಸ್‌ಎಫ್ ಮುದ್ರೆಗಳು ಅಂಥವು. ಆ ಸಂಸ್ಥೆಗಳ ಜಾಲತಾಣದಲ್ಲಿ ಉತ್ಪನ್ನದ ಹೆಸರು ಹಾಕಿ ಮುದ್ರೆ ನಿಜವಾ ಎಂದು ಖಾತ್ರಿ ಮಾಡಿಕೊಳ್ಳಬಹುದು. ಆದರೆ ಈ ಮುದ್ರೆ ಹೇಳುವುದು ಒಂದೇ ಮಾತು: ಬರೆದದ್ದು ಒಳಗಿದೆ, ಅಪಾಯಕಾರಿ ಕಲಬೆರಕೆ ಮಿತಿಯೊಳಗಿದೆ. ನಿದ್ದೆ ಬರುತ್ತದೆ ಎಂದು ಅದು ಹೇಳುವುದಿಲ್ಲ. 'ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ' ಎಂದು ಕಂಪನಿಯೇ ಅಚ್ಚು ಹಾಕಿಕೊಂಡ ಸಾಲಿಗೆ ಬೆಲೆ ಕೊಡಬೇಡಿ.

ಶುದ್ಧತೆ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ 1989ರ ಘಟನೆಯೇ ಸಾಕ್ಷಿ. ನಿದ್ದೆಗೆಂದು ಎಲ್-ಟ್ರಿಪ್ಟೊಫಾನ್ ತೆಗೆದುಕೊಂಡ ಅಮೆರಿಕನ್ನರಲ್ಲಿ ತೀವ್ರ ಸ್ನಾಯು ನೋವಿನ ಹೊಸ ಕಾಯಿಲೆ ಹರಡಿತು. 1500ಕ್ಕೂ ಹೆಚ್ಚು ಜನರಿಗೆ ತಗುಲಿತು, 30ಕ್ಕೂ ಹೆಚ್ಚು ಜನ ಸತ್ತರು. ಹುಡುಕಿದಾಗ ಹೆಚ್ಚಿನ ಪ್ರಕರಣಗಳು ಒಬ್ಬನೇ ತಯಾರಕನ, ಕಲ್ಮಶ ಸೇರಿದ ಸರಕಿನತ್ತ ಬೆರಳು ಮಾಡಿದವು.

ಹಂತ 5: ನಿಮ್ಮ ದೇಹಕ್ಕೆ, ನಿಮ್ಮ ಔಷಧಿಗಳಿಗೆ ಹೊಂದುತ್ತದಾ?

ನೀವು ತೆಗೆದುಕೊಳ್ಳುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಬಿಪಿ ಮಾತ್ರೆ, ಶುಗರ್ ಮಾತ್ರೆ, ಗರ್ಭನಿರೋಧಕ, ವಿಟಮಿನ್, ಮನೆಮದ್ದು, ಎಲ್ಲ. ಆ ಹಾಳೆಯನ್ನೂ ಡಬ್ಬಿಯ ಹಿಂಭಾಗದ ಫೋಟೋವನ್ನೂ ಫಾರ್ಮಸಿಸ್ಟ್‌ಗೆ ತೋರಿಸಿ. 'ಇದು ಚೆನ್ನಾಗಿದೆಯಾ?' ಎಂದು ಕೇಳಬೇಡಿ. 'ಈ ಪಟ್ಟಿಯಲ್ಲಿ ಯಾವುದರ ಜೊತೆ ಇದು ಹೊಂದುವುದಿಲ್ಲ?' ಎಂದು ಕೇಳಿ. ಆಗ ಅವರು ಒಂದೊಂದನ್ನೇ ನೋಡುತ್ತಾರೆ.

ಕೆಲವು ಜೋಡಿಗಳು ನಿಮಗೇ ಗೊತ್ತಿರಲಿ. ರಕ್ತ ತೆಳು ಮಾಡುವ ವಾರ್ಫರಿನ್ ಜೊತೆ ಮೆಲಟೋನಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಖಿನ್ನತೆ, ಗೀಳಿಗೆ ಕೊಡುವ ಫ್ಲುವೋಕ್ಸಮೈನ್ ಎಂಬ ಔಷಧಿ ಮೆಲಟೋನಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಖಿನ್ನತೆಯ ಔಷಧಿಗಳ ಜೊತೆ ಟ್ರಿಪ್ಟೊಫಾನ್ ಅಥವಾ ಅದರದೇ ಬಗೆಯ 5-ಎಚ್‌ಟಿಪಿ ಎಂಬ ಪೂರಕ ತೆಗೆದುಕೊಂಡರೆ ಸಿರೊಟೋನಿನ್ ಅತಿಯಾಗಿ, ನಡುಕ, ಜ್ವರ, ಗೊಂದಲದ ತನಕ ಹೋಗಬಹುದು. ಮೆಗ್ನೀಸಿಯಂ ಕೆಲವು ಆಂಟಿಬಯಾಟಿಕ್‌ಗಳನ್ನೂ ಥೈರಾಯ್ಡ್ ಮಾತ್ರೆಯನ್ನೂ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ, ನಡುವೆ ಕೆಲವು ಗಂಟೆ ಬಿಡಬೇಕು. ಕಿಡ್ನಿ ದುರ್ಬಲವಾಗಿದ್ದರೆ ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮುಟ್ಟಲೇಬೇಡಿ. ಆರೋಗ್ಯವಂತರಿಗೂ ಪೂರಕದ ಮೂಲಕ ದಿನದ ಮಿತಿ ಅಮೆರಿಕದಲ್ಲಿ 350 ಮಿ.ಗ್ರಾಂ., ಯುರೋಪಿನಲ್ಲಿ 250. ಮೀರಿದರೆ ಮೊದಲು ಕಾಣುವುದು ಭೇದಿ. ಮದ್ಯದ ಜೊತೆ, ಇನ್ನೊಂದು ಮಂಪರು ಔಷಧಿಯ ಜೊತೆ ಇವುಗಳಲ್ಲಿ ಯಾವುದೂ ಬೇಡ.

ವಯಸ್ಸಾದವರ ಬಗ್ಗೆ ವಿಶೇಷವಾಗಿ ಹೇಳಬೇಕು. ಡೈಫೆನ್‌ಹೈಡ್ರಮೈನ್, ಡಾಕ್ಸಿಲಮೈನ್ ಅವರ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬೀಳುವುದು, ಮೂತ್ರ ಕಟ್ಟುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಇವುಗಳಿಂದ ಆಗಬಹುದು. ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ ಏರಬಹುದು. 65 ದಾಟಿದವರು ಇವನ್ನು ಬಿಡಬೇಕು ಎಂದು ವಯಸ್ಸಾದವರಿಗೆ ಬೇಡವಾದ ಔಷಧಿಗಳನ್ನು ಹೇಳುವ, ಅಮೆರಿಕದ ಜರಾವೈದ್ಯರ ಬಿಯರ್ಸ್ ಪಟ್ಟಿ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಅಪ್ಪ ಅಮ್ಮನ ಮಾತ್ರೆ ಡಬ್ಬದಲ್ಲಿ ಈ ಹೆಸರುಗಳಿವೆಯಾ ಎಂದು ಒಮ್ಮೆ ನೋಡಿ. ನೋವಿನ ಮಾತ್ರೆಯ ಹೆಸರಿನ ಕೊನೆಗೆ 'ಪಿಎಂ' ಎಂದಿದ್ದರೆ ಅದರಲ್ಲೂ ಇದೇ ಮದ್ದು ಅಡಗಿರುವುದುಂಟು.

ಮಕ್ಕಳ ಕೈಗೆ ಗಮ್ಮಿ ಸಿಗದಂತೆ ಎತ್ತರದಲ್ಲಿ, ಬೀಗ ಹಾಕಿ ಇಡಿ. ಮಿಠಾಯಿಯ ಹಾಗೆ ಕಾಣುತ್ತದೆ, ಮಿಠಾಯಿಯ ಹಾಗೇ ತಿನ್ನುತ್ತಾರೆ. ಮಕ್ಕಳು ಮೆಲಟೋನಿನ್ ನುಂಗಿದ ಬಗ್ಗೆ ಅಮೆರಿಕದ ವಿಷ ನಿಯಂತ್ರಣ ಕೇಂದ್ರಗಳಿಗೆ 2012ರಲ್ಲಿ 8,337 ವರದಿ ಬಂದಿದ್ದವು. 2021ರಲ್ಲಿ ಅದು 52,563ಕ್ಕೆ ಏರಿತು. ಮಗುವಿಗೆ ನಿದ್ದೆಗೆಂದು ಏನನ್ನೇ ಕೊಡುವುದಿದ್ದರೂ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ.

ಗರ್ಭಿಣಿಯರು, ಹಾಲೂಡಿಸುವವರು ಸ್ವಂತ ನಿರ್ಧಾರ ಮಾಡಬಾರದು. ಶಸ್ತ್ರಚಿಕಿತ್ಸೆ ಹತ್ತಿರದಲ್ಲಿದ್ದರೆ ಅರಿವಳಿಕೆ ವೈದ್ಯರಿಗೆ ಗಿಡಮೂಲಿಕೆಯ ಹೆಸರನ್ನೂ ಹೇಳಿ. ಲಿವರ್ ತೊಂದರೆ ಇರುವವರು ಕಾವಾ ಎಂಬ ಗಿಡಮೂಲಿಕೆ, ಅಶ್ವಗಂಧ ಎರಡರಿಂದಲೂ ದೂರವಿರಿ. ಕಾವಾದಿಂದ ಲಿವರ್ ಹಾನಿ ಆಗಬಹುದೆಂದು ಅಮೆರಿಕದ ಔಷಧ ಇಲಾಖೆ 2002ರಲ್ಲೇ ಎಚ್ಚರಿಸಿತು. ಅಶ್ವಗಂಧ ತೆಗೆದುಕೊಂಡ ಕೆಲವರಲ್ಲೂ ಕಾಮಾಲೆ ಕಂಡುಬಂದ ವೈದ್ಯಕೀಯ ವರದಿಗಳಿವೆ. ಅದು ಥೈರಾಯ್ಡ್ ಹಾರ್ಮೋನನ್ನೂ ಏರಿಸಬಲ್ಲದು. ಗಿಡದಿಂದ ಬಂದದ್ದಕ್ಕೆ ಅಡ್ಡಪರಿಣಾಮ ಇಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಹಂತ 6: ಎರಡು ವಾರ ಬರೆಯಿರಿ, ಆಮೇಲೆ ಎರಡು ವಾರ ಪ್ರಯತ್ನಿಸಿ

ಇಷ್ಟೆಲ್ಲ ದಾಟಿ ಒಂದು ಮಾತ್ರೆ ಉಳಿದಿದ್ದರೆ, ಅದನ್ನು ತಕ್ಷಣ ಶುರು ಮಾಡಬೇಡಿ. ಮೊದಲ ಎರಡು ವಾರ ಮಾತ್ರೆ ಇಲ್ಲದೆ ನಿದ್ದೆ ಡೈರಿ ಬರೆಯಿರಿ. ಬೆಳಿಗ್ಗೆ ಎದ್ದ ಕೂಡಲೇ, ಅಂದಾಜಿನಲ್ಲಿ, ಒಂದೇ ಸಾಲು:

'ಮಂಗಳವಾರ. ಮಲಗಿದ್ದು 11. ನಿದ್ದೆ ಹತ್ತಿದ್ದು 45 ನಿಮಿಷಕ್ಕೆ. ಎರಡು ಸಲ ಎಚ್ಚರ, ಒಟ್ಟು ಅರ್ಧ ಗಂಟೆ. ಎದ್ದದ್ದು 6. ಕೊನೆಯ ಕಾಫಿ 4ಕ್ಕೆ. ಹಗಲು ಹೇಗಿತ್ತು: 10ಕ್ಕೆ 5.'

ಕೊನೆಯ ಅಂಕಿ ಮಾತ್ರ ರಾತ್ರಿ ಮಲಗುವ ಮುಂಚೆ ತುಂಬಿ. ಗಡಿಯಾರ ನೋಡುತ್ತಾ ಮಲಗಬೇಡಿ, ಅದರಿಂದಲೇ ನಿದ್ದೆ ಕೆಡುತ್ತದೆ. ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಅನ್ನೂ ಪೂರ್ತಿ ನಂಬಬೇಡಿ. ಸುಮ್ಮನೆ ಮಲಗಿ ಎಚ್ಚರವಿದ್ದರೂ ಅದು ನಿದ್ದೆ ಎಂದು ಲೆಕ್ಕ ಹಾಕಿಬಿಡುವುದುಂಟು.

ಎಷ್ಟೋ ಜನರಿಗೆ ಈ ಎರಡು ವಾರದಲ್ಲೇ ಕಾರಣ ಸಿಕ್ಕಿಬಿಡುತ್ತದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎದ್ದ ಮೇಲೆ ಅವತ್ತು ರಾತ್ರಿ ನಿದ್ದೆ ಇಲ್ಲ. ಸಂಜೆ ಸೋಫಾದಲ್ಲಿ ಕಣ್ಣು ಮುಚ್ಚಿದ ದಿನವೇ ರಾತ್ರಿ ಹೊರಳಾಟ.

ಆಮೇಲೂ ಬೇಕೆನ್ನಿಸಿದರೆ ಒಂದೇ ವಸ್ತು, ಅತಿ ಕಡಿಮೆ ಪ್ರಮಾಣ, ಪ್ರತಿದಿನ ಒಂದೇ ಹೊತ್ತು. ಈ ಎರಡು ವಾರ ಬೇರೇನನ್ನೂ ಬದಲಿಸಬೇಡಿ. ಮೊದಲ ಸಲ ತೆಗೆದುಕೊಳ್ಳುವುದು ಮರುದಿನ ಬೆಳಿಗ್ಗೆ ಗಾಡಿ ಓಡಿಸುವ ಕೆಲಸ ಇಲ್ಲದ ರಾತ್ರಿಯೇ ಆಗಿರಲಿ. ಶುರು ಮಾಡುವ ಮುಂಚೆಯೇ ಬರೆದಿಡಿ: ಎಷ್ಟು ಸುಧಾರಿಸಿದರೆ ಮುಂದುವರಿಸುತ್ತೇನೆ? ನಿದ್ದೆ ಹತ್ತುವ ಹೊತ್ತು 20 ನಿಮಿಷವಾದರೂ ಕಡಿಮೆಯಾಗಿ, ಹಗಲಿನ ಅಂಕಿಯೂ ಏರಿರಬೇಕು ಎಂದು ಇಟ್ಟುಕೊಳ್ಳಬಹುದು. ಹಗಲು ಚೆನ್ನಾಗಿಲ್ಲದಿದ್ದರೆ ರಾತ್ರಿಯ ಲೆಕ್ಕ ಯಾರಿಗೆ ಬೇಕು?

ಚರ್ಮ ಅಥವಾ ಕಣ್ಣು ಹಳದಿ, ಗಾಢ ಬಣ್ಣದ ಮೂತ್ರ, ಮೈಮೇಲೆ ದದ್ದು, ಎದೆ ಬಡಿತ, ಗೊಂದಲ, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ, ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಹಂತ 7: ನಿಲ್ಲಿಸಿ ನೋಡಿ

ಎರಡು ವಾರದ ಸರಾಸರಿಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ನೀವೇ ಹಾಕಿಕೊಂಡ ಗುರಿ ಮುಟ್ಟದಿದ್ದರೆ ಪ್ರಮಾಣ ಏರಿಸಬೇಡಿ, ಬಿಟ್ಟುಬಿಡಿ. ಮುಟ್ಟಿದ್ದರೆ ಒಂದು ವಾರ ನಿಲ್ಲಿಸಿ ಡೈರಿ ಮುಂದುವರಿಸಿ. ಮಾತ್ರೆ ಇಲ್ಲದೆಯೂ ನಿದ್ದೆ ಹಾಗೇ ಇದ್ದರೆ ಅದರ ಅಗತ್ಯವಿಲ್ಲ. ತಿಂಗಳುಗಳಿಂದ ತೆಗೆದುಕೊಳ್ಳುತ್ತಿರುವವರು ಮಾತ್ರ ಗಕ್ಕನೆ ನಿಲ್ಲಿಸದೆ ವೈದ್ಯರನ್ನು ಕೇಳಿ, ನಿಧಾನವಾಗಿ ಇಳಿಸಿ. ಮೊದಲ ಕೆಲವು ರಾತ್ರಿ ನಿದ್ದೆ ಕೆಡಬಹುದು. ಅದನ್ನೇ ನೋಡಿ 'ನನಗೆ ಮಾತ್ರೆ ಇಲ್ಲದೆ ಆಗದು' ಎಂದು ತೀರ್ಮಾನಿಸಬೇಡಿ.

ತೊಂದರೆ ಮೂರು ತಿಂಗಳು ದಾಟಿದ್ದರೆ ಸಿಬಿಟಿ-ಐ ಎಂಬ, ಮಾತ್ರೆಯಿಲ್ಲದೆ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯ ಬಗ್ಗೆ ವಿಚಾರಿಸಿ. ದೀರ್ಘಕಾಲದ ನಿದ್ರಾಹೀನತೆ ಇರುವ ಎಲ್ಲ ವಯಸ್ಕರಿಗೂ ಮೊದಲು ಕೊಡಬೇಕಾದ್ದು ಇದನ್ನೇ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದಿರುವ ಹೊತ್ತನ್ನು ಕಡಿಮೆ ಮಾಡುವುದು, ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಬರುವುದು, 'ಇವತ್ತು ನಿದ್ದೆ ಬರದಿದ್ದರೆ ನಾಳೆ ಮುಗೀತು' ಎಂಬ ಭಯವನ್ನು ಬಿಡಿಸುವುದು ಇದರ ಭಾಗಗಳು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿ ಬೇಕಾಗುತ್ತದೆ. ಮೊದಲ ಎರಡು ವಾರ ಕಷ್ಟ, ಹಗಲು ತೂಕಡಿಕೆ ಬರುತ್ತದೆ. ಆದರೆ ಚಿಕಿತ್ಸೆ ಮುಗಿದ ಮೇಲೂ ಲಾಭ ಉಳಿಯುತ್ತದೆ. ಮೂರ್ಛೆರೋಗ, ಬೈಪೋಲಾರ್ ಇರುವವರು, ದೂರದ ದಾರಿ ಗಾಡಿ ಓಡಿಸುವವರು ಹಾಸಿಗೆಯ ಹೊತ್ತು ಕಡಿಮೆ ಮಾಡುವ ಭಾಗವನ್ನು ತಜ್ಞರ ಜೊತೆಗೇ ಮಾಡಬೇಕು. ಮೊದಲ ಭೇಟಿಗೆ ನಿಮ್ಮ ಡೈರಿ, ಔಷಧಿಗಳ ಹಾಳೆ, ಡಬ್ಬಿ ಮೂರನ್ನೂ ತೆಗೆದುಕೊಂಡು ಹೋಗಿ.